ತೂಬಿನ ಕಲ್ಲಿನ ಮೇಲೆ ಬಟ್ಟೆ

“ಕಳೆ ಕೀಳಾಕೋಗಿ ನಾಟಿ ಆಕಿ ಬಂದವ್ರು” ಎಂದು ನಾಗಲಗುಟ್ಟೆಯಲ್ಲಿ ಆದಿಲಕ್ಷ್ಮಮ್ಮನ ಗುಂಪಿಗೆ ಹೆಸರು ಬಿದ್ದಿತ್ತು. ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಾಗ, ಕ್ಯಾಸಂಬಳ್ಳಿಯ ಬಸ್ಸಿಗೆ ಕಾಯುವಾಗ, ಯಾರಾದರೊಬ್ಬರು ಅದನ್ನು ಅಂದೇ ಅನ್ನುತ್ತಿದ್ದರು. ಅವಳು ತಿರುಗಿ ಮಾತಾಡುತ್ತಿರಲಿಲ್ಲ. ಅಂದವರ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಿದ್ದಳು, ಅಷ್ಟೆ. ಆ ನೋಟಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎಂದು ಅವಳ ಗುಂಪಿನ ಸೆಲ್ವಿ ನಗುತ್ತಿದ್ದಳು.

ಮಾತೇನೋ ಸುಳ್ಳಲ್ಲ. ಊರಿನ ಕೆರೆಯನ್ನು ಏರಿಯಿಂದ ಆಚೆ ದಡದವರೆಗೂ ಜಲಕಳೆ ಮುಚ್ಚಿತ್ತು. ಆಂಧ್ರದ ಕಡೆಯಿಂದ ಬಂದ ಸೊಸೆಯರು ಅದನ್ನು ಗುರ್ರಪುಡೆಕ್ಕ ಅನ್ನುತ್ತಿದ್ದರು. ಕೋರಮಂಡಲಿನ ಚಿನ್ನದ ಗಣಿಯ ಕೂಲಿ ಲೈನಿನಲ್ಲಿ ಹುಟ್ಟಿ ಈ ಊರಿಗೆ ಮದುವೆಯಾಗಿ ಬಂದ ಸೆಲ್ವಿ ಆಗಾಯತಾಮರೈ ಅನ್ನುತ್ತಿದ್ದಳು. ಹೂ ಬಿಟ್ಟಾಗ ದೂರದಿಂದ ನೋಡಿದವರು ಫೋಟೋ ತೆಗೆಯುತ್ತಿದ್ದರು. ಹತ್ತಿರ ಹೋದರೆ ಎಲೆಗಳ ಕೆಳಗಿನ ನೀರು ಪಾಚಿಗಟ್ಟಿ, ಕೈ ಅದ್ದಿದರೆ ಬೆರಳುಗಳಿಗೆ ಹಸಿರು ನೂಲು ಸುತ್ತಿಕೊಳ್ಳುತ್ತಿತ್ತು. ದನಗಳು ದಡದಲ್ಲಿ ನಿಂತು ಮೂತಿಯಿಂದ ಎಲೆ ಸರಿಸಿ, ಸಿಕ್ಕಷ್ಟು ನೀರು ಕುಡಿದು ಹಿಂದಕ್ಕೆ ಬರುತ್ತಿದ್ದವು.

ಹೋದ ವರ್ಷ ಪಂಚಾಯ್ತಿಯ ಕೂಲಿ ಕೆಲಸದಲ್ಲಿ ಹೆಂಗಸರು ಕೆರೆಗೆ ಇಳಿದರು. ಎಲ್ಲ ರಾಗಿ ಹೊಲದಲ್ಲಿ ಪಳಗಿದ ಕೈಗಳು. ರಾಗಿ ಸಾಲಿನಲ್ಲಿ ಕಳೆ ಕೀಳುವ ಕೈ ತಲೆಯನ್ನು ಕೇಳುವುದಿಲ್ಲ. ಕೀಳುತ್ತದೆ, ಕಾಲಿಗೆ ಬಡಿದು ಮಣ್ಣು ಉದುರಿಸುತ್ತದೆ, ಅಲ್ಲೇ ಸಾಲಿಗೆ ಎಸೆದು ಮುಂದೆ ಹೋಗುತ್ತದೆ. ಉಳಿದ ಕೆಲಸ ಬಿಸಿಲಿನದು. ಕೆರೆಯಲ್ಲೂ ಅವರು ಹಾಗೇ ಮಾಡಿದರು. ಕಿತ್ತರು, ಬಡಿದರು, ಪಕ್ಕಕ್ಕೆ ಎಸೆದರು. ಮುರಿದ ಒಂದೊಂದು ತುಂಡೂ ತೇಲಿಹೋಗಿ ಒಂದೊಂದು ಗಿಡವಾಯಿತು. ಏರಿಯ ಒಳಮಗ್ಗುಲಲ್ಲಿ ಒಟ್ಟಿದ್ದ ರಾಶಿ ಮಳೆಗೆ ಜಾರಿ ಮತ್ತೆ ನೀರಿಗೆ ಬಿತ್ತು. ದೀಪಾವಳಿಯ ಹೊತ್ತಿಗೆ ಕೆರೆ ಮೊದಲಿಗಿಂತ ದಟ್ಟವಾಗಿತ್ತು.

ಗುಂಪನ್ನು ಕರೆದುಕೊಂಡು ಇಳಿದವಳು ಆದಿಲಕ್ಷ್ಮಮ್ಮ. ಆದ್ದರಿಂದ ಹೆಸರೂ ಅವಳ ತಲೆಗೇ ಬಂತು.

ಈ ಬೇಸಿಗೆಯಲ್ಲಿ ಅವಳು ಮತ್ತೆ ಇಳಿದಳು. ಈ ಸಲ ಯಾರೂ ಕೂಲಿ ಕೊಡಲಿಲ್ಲ, ಯಾರೂ ಕರೆಯಲೂ ಇಲ್ಲ. ಸೆಲ್ವಿ ಬಂದಳು, ಕೆಳಗೇರಿಯ ಇನ್ನಷ್ಟು ಹೆಂಗಸರು ಬಂದರು. ಸೆಲ್ವಿಯ ಅಪ್ಪ ಪೆರುಮಾಳ್ ಗಣಿ ಮುಚ್ಚುವವರೆಗೂ ಭೂಮಿಯ ಕೆಳಗೆ ದುಡಿದವನು. ಅವನ ಮನೆಯ ಅಟ್ಟದಲ್ಲಿ ಕೈಗಾತ್ರದ ಹಳೆಯ ಹಗ್ಗವೊಂದಿತ್ತು. ಅದನ್ನು ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ತಂದರು. ಹಗ್ಗಕ್ಕೆ ಬಿದಿರು ಬಿಗಿದು, ಗಾಳಿ ಬೀಸುವ ಕಡೆಗೆ ಎರಡೂ ತುದಿಯಿಂದ ಎಳೆದರೆ ಗಿಡಗಳು ಮುರಿಯದೆ ಚಾಪೆಯ ಹಾಗೆ ಒಟ್ಟಾಗಿ ಬರುತ್ತಿದ್ದವು. ಬೇರುಸಮೇತ ಬುಟ್ಟಿಗೆ ತುಂಬಿ, ಏರಿ ಹತ್ತಿ, ಹೊರಮಗ್ಗುಲಿನ ಗುಂಡಿಗೆ ಸುರಿಯಬೇಕು. ಬೆನ್ನು ಮುರಿಯುವ ಕೆಲಸ. ತೂಬಿನ ಸುತ್ತ ಒಂದು ಕಣದಷ್ಟು ಜಾಗ ತೆರೆದುಕೊಂಡಿತ್ತು. ಅಲ್ಲಿ ಆಕಾಶ ಕಾಣುತ್ತಿತ್ತು. ಅವಳ ಎರಡು ಹಸುಗಳು ಈಗ ಅಲ್ಲಿಗೇ ಹೋಗಿ ಕುಡಿಯುತ್ತಿದ್ದವು. ಕೆಳಗೇರಿಯ ಕೊಳವೆಬಾವಿಯ ನೀರು ಬಿಂದಿಗೆಗೆ ಸಾಲುತ್ತಿತ್ತು, ದನಕ್ಕೆ ಸಾಲುತ್ತಿರಲಿಲ್ಲ.

ಅಷ್ಟರಲ್ಲಿ ಪಂಚಾಯ್ತಿ ಕಟ್ಟೆಯಲ್ಲಿ ಸಭೆ ಸೇರಿತು.

ಮೆಂಬರು ಮುನಿಸ್ವಾಮಪ್ಪ ಕುರ್ಚಿಯ ಮೇಲೆ ಕೂತಿದ್ದ. ಕೆರೆಯ ಕೆಳಗೆ ಅವನಿಗೆ ಟೊಮ್ಯಾಟೊ ತೋಟ, ಹಿಪ್ಪುನೇರಳೆ ತೋಟ ಇದ್ದವು. ಪಕ್ಕದಲ್ಲಿ ಮಂಜೇಶ್, ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಇಟ್ಟವನು, ಕೆರೆಯಲ್ಲಿ ಮೀನು ಸಾಕುವ ಗುತ್ತಿಗೆಗೆ ಬಂದಿದ್ದ. ಗುತ್ತಿಗೆ ಕೊಡುವ ಮೇಲಿನ ಅಧಿಕಾರಿಗಳು ಕೆರೆ ನೋಡಲು ಬರುವವರಿದ್ದರು. ಅವರ ಕಣ್ಣಿಗೆ ನೀರು ಕಾಣಬೇಕು. ಅದಕ್ಕೆ ಮಂಜೇಶ್ ಕಳೆನಾಶಕ ಹೊಡೆಸುತ್ತೇನೆ ಅಂದಿದ್ದ.

ಮೀನುಗಾರಿಕೆ ಇಲಾಖೆಯಿಂದ ಭಾರ್ಗವಿ ಎಂಬ ಹುಡುಗಿ ಬಂದಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವಳು. ನಿಂತೇ ಮಾತಾಡಿದಳು.

“ಔಷಧಿ ಹೊಡೆಯೋದೇ ತಪ್ಪು ಅಂತ ನಾನು ಹೇಳಲ್ಲ. ಆದರೆ ಕೆರೆಯನ್ನು ಭಾಗ ಮಾಡ್ಕೊಂಡು, ಒಂದು ಭಾಗ ಹೊಡೆದು, ಸತ್ತ ಗಿಡ ತೆಗೆದು, ಆಮೇಲೆ ಇನ್ನೊಂದು. ಒಂದೇ ಸಲ ಪೂರ್ತಿ ಹೊಡೆದ್ರೆ ಎಲ್ಲ ಒಟ್ಟಿಗೆ ಕೊಳೆತು ತಳಕ್ಕೆ ಇಳಿಯುತ್ತೆ. ಮೀನು ಉಸಿರಾಡೋಕೆ ನೀರಲ್ಲಿ ಏನೂ ಉಳಿಯಲ್ಲ. ಆಮೇಲೆ ಪಾಚಿ ಇನ್ನೂ ಜೋರಾಗಿ ಬರುತ್ತೆ. ದನಗಳನ್ನೂ ದೂರ ಇಡಬೇಕು.”

“ಆಯ್ತು ಮೇಡಂ, ಆಯ್ತು. ನೀವು ಯೋಳಿದಂಗೇ” ಅಂದ ಮಂಜೇಶ್.

“ದನ ಎಲ್ಲಿ ಕುಡೀಬೇಕು?” ಆದಿಲಕ್ಷ್ಮಮ್ಮ ಹಿಂದಿನಿಂದ ಕೇಳಿದಳು.

“ನಿನ್ ಎಲ್ಡು ಅಸುಗೋಸ್ಕರ ಊರಿನ ಕೆರೆ ಕಾಯ್ಬೇಕೇನಮ್ಮ?” ಮುನಿಸ್ವಾಮಪ್ಪ ನಕ್ಕ. “ಓದ್ವರ್ಸ ನಿಮ್ ಕೈಗೆ ಕೊಟ್ಟಿದ್ವಲ್ಲ. ನಾಟಿ ಚೆನ್ನಾಗ್ ಆಕಿದ್ರಿ.”

ಜನ ನಕ್ಕರು. ಆದಿಲಕ್ಷ್ಮಮ್ಮ ನಗು ಮುಗಿಯುವವರೆಗೂ ಕಾದಳು.

“ಕಲ್ತ್ಕೊಂಡಿವ್ನಿ ಮೆಂಬರಣ್ಣ. ತೂಬಿನ ತಾವ ಬಂದು ನೋಡಿ.”

“ಅಂಗೈ ಅಗಲ ಕಿತ್ತಿದ್ದೀರ. ಪೂರ್ತಿ ಕೀಳೋ ವೊತ್ಗೆ ನನ್ ಮೊಮ್ಮಗನ ಮದ್ವೆ ಆಗಿರ್ತೈತೆ.”

“ಮನೇಗೊಬ್ರು ಬಂದ್ರೆ ಮಳೆಗೆ ಮುಂಚೆ ಮುಗೀತದೆ.”

“ಯಾರ್ ಬತ್ತಾರಮ್ಮ ಈಗ? ಇರೋ ಗಂಡಸ್ರೆಲ್ಲ ಬೆಳಗಾದ್ರೆ ರೈಲತ್ತಿ ಓಗ್ತಾರೆ.”

ಸಭೆ ಮುಗಿಯಿತು. ಭಾರ್ಗವಿ ಸ್ಕೂಟರಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದಳು; ಏನೋ ಹೇಳಬೇಕೆಂದವಳ ಹಾಗೆ ಆದಿಲಕ್ಷ್ಮಮ್ಮನ ಕಡೆ ನೋಡಿದಳು. ಹೆಲ್ಮೆಟ್ ಹಾಕಿಕೊಂಡು ಹೊರಟಳು. ಅವಳು ಮರೆಯಾದ ಮೇಲೆ ಮಂಜೇಶ್ ಫೋನಿನಲ್ಲಿ ಯಾರಿಗೋ ಜೋರಾಗಿ ಹೇಳುತ್ತಿದ್ದ: “ಭಾಗ ಗೀಗ ಏನೂ ಇಲ್ಲ ಕಣ್ಲಾ. ನಾಳೆ ಬೆಳಗ್ಗೆ ಎಲ್ಡೂ ಪಂಪು ತಗೊಂಡ್ ಬಾ. ಒಂದೇ ಏಟ್ಗೆ ಮುಗಿಸ್ಬಿಡಾನ.”

ಆದಿಲಕ್ಷ್ಮಮ್ಮ ಕಟ್ಟೆಯ ಮೆಟ್ಟಿಲ ಮೇಲೆ ನಿಂತು ಅದನ್ನು ಕೇಳಿಸಿಕೊಂಡಳು.

ಮರುದಿನ ಬಿಸಿಲು ಏರುವ ಮೊದಲೇ ಟೆಂಪೊ ಕೆರೆಯ ಏರಿಗೆ ಬಂತು. ನೀಲಿ ಡ್ರಮ್ಮುಗಳು, ಮೋಟಾರು ಪಂಪುಗಳು, ಉದ್ದನೆಯ ಪೈಪು. ಪಂಪಿನವರು ಇಬ್ಬರು. ಹೆಂಗಸರು ಬುಟ್ಟಿ ಹಿಡಿದು ಕೆಲಸಕ್ಕೆ ಬರುತ್ತಿದ್ದವರು ಏರಿಯ ಮೇಲೆ ನಿಂತುಬಿಟ್ಟರು.

“ಅಕ್ಕಾ, ಎಲ್ರೂ ನೀರಿಗಿಳಿಯಾನ. ಅದೆಂಗ್ ಒಡೀತಾರೋ ನೋಡ್ತೀನಿ” ಎಂದಳು ಸೆಲ್ವಿ. ಸೀರೆಯ ನೆರಿಗೆ ಆಗಲೇ ಸೊಂಟಕ್ಕೆ ಸಿಕ್ಕಿಸಿದ್ದಳು.

“ಬೇಡ. ಎಲ್ರನ್ನೂ ಪೊಲೀಸ್ನೋರು ಎತ್ತಾಕ್ಕೊಂಡ್ ಓಗ್ತಾರೆ. ಸಂಜೆ ಹಾಲ್ ಕರೆಯೋರ್ಯಾರು?”

“ಮತ್ತೆ?”

ಆದಿಲಕ್ಷ್ಮಮ್ಮ ಭುಜದ ಮೇಲಿದ್ದ ಟವೆಲನ್ನು ತೆಗೆದಳು. ಕೆಲಸಕ್ಕೆ ಇಳಿಯುವಾಗ ತಲೆಗೆ ಸುತ್ತಿಕೊಳ್ಳುವ ಟವೆಲು, ಅಂಚು ಹರಿದದ್ದು. ಏರಿಯ ಕಲ್ಲುಗಳ ಮೇಲೆ ಇಳಿಯುತ್ತ ತೂಬಿನ ಕಂಬಗಳ ಹತ್ತಿರ ಹೋದಳು. ಎರಡು ಕಂಬಗಳ ಮೇಲೆ ಅಡ್ಡಕಲ್ಲು. ನೀರಿನಿಂದ ಒಂದು ಗೇಣು ಮೇಲೆ. ಟವೆಲನ್ನು ನಾಲ್ಕು ಮಡಿಕೆ ಮಡಿಸಿ ಆ ಕಲ್ಲಿನ ಮೇಲೆ ಇಟ್ಟಳು. ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲಿಟ್ಟಳು. ಆಮೇಲೆ ನೀರಿಗೆ ಇಳಿದಳು. ನೀರು ಎದೆಮಟ್ಟ ಬಂದಾಗ ಕಂಬ ಹಿಡಿದು ನಿಂತಳು.

ಏರಿಯ ಮೇಲಿನ ಹೆಂಗಸರು ಬುಟ್ಟಿ ಕೆಳಗಿಟ್ಟರು.

ಅವಳ ಗಂಡ ಪಾಪಣ್ಣ ಈ ಕೆರೆಯ ನೀರಗಂಟಿಯಾಗಿದ್ದ. ಅವನಪ್ಪನೂ. ಕೆರೆ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುವುದು, ತೂಬಿನ ಬಿರಡೆ ಎತ್ತುವುದು ಇಳಿಸುವುದು ಅವರ ಮನೆತನದ ಕೆಲಸ. ಬಿರಡೆ ಸಿಕ್ಕಿಕೊಂಡರೆ ಮುಳುಗಿ ಬಿಡಿಸಬೇಕು. ಮುಳುಗುವ ಮೊದಲು ನೀರಗಂಟಿ ತಲೆಯ ಬಟ್ಟೆ ಬಿಚ್ಚಿ ಅಡ್ಡಕಲ್ಲಿನ ಮೇಲೆ ಇಡುತ್ತಿದ್ದ. ಬಟ್ಟೆ ಅಲ್ಲಿದೆ ಅಂದರೆ ನೀರಿನಲ್ಲಿ ಮನುಷ್ಯ ಇದ್ದಾನೆ. ಅಲ್ಲಿಯವರೆಗೆ ಕೆರೆಗೆ ಯಾರೂ ಕಾಲಿಡುವಂತಿಲ್ಲ. ದನ ಬಿಡುವಂತಿಲ್ಲ, ಬಲೆ ಬೀಸುವಂತಿಲ್ಲ, ಮಕ್ಕಳು ಒಂದು ಕಲ್ಲು ಎಸೆಯುವಂತಿಲ್ಲ. ಮೇಲೆ ಬಂದು ಅವನೇ ಬಟ್ಟೆ ತೆಗೆಯಬೇಕು. ಊರಿನ ಯಾವ ದೊಡ್ಡವರೂ ಅದನ್ನು ಮುಟ್ಟುತ್ತಿರಲಿಲ್ಲ. ನೀರಗಂಟಿಯನ್ನು ಜಗಲಿಗೆ ಹತ್ತಿಸದ ಮನೆಗಳವರೂ ಏರಿಯ ಮೇಲೆ ನಿಂತು ಅವನ ತಲೆ ಮೇಲೆ ಬರಲೆಂದು ಕಾಯುತ್ತಿದ್ದರು. ಗದ್ದೆಗಳು ಹೋಗಿ ಕೊಳವೆಬಾವಿ ಬಂದ ಮೇಲೆ ತೂಬು ತೆರೆಯುವವರಿಲ್ಲ. ಪಾಪಣ್ಣ ಸತ್ತ ಮೇಲೆ ಆ ಕಲ್ಲಿನ ಮೇಲೆ ಕಾಗೆಯ ಹಿಕ್ಕೆ ಬಿಟ್ಟು ಬೇರೇನೂ ಇರಲಿಲ್ಲ.

ಹೆಂಗಸಂತೂ ಅಲ್ಲಿ ಎಂದೂ ಬಟ್ಟೆ ಇಟ್ಟಿರಲಿಲ್ಲ.

“ಏನಿದು ನಾಟ್ಕ?” ಮಂಜೇಶ್ ಕೇಳಿದ. “ಏಯಮ್ಮಾ, ಮೇಲಕ್ ಬಾರಮ್ಮ. ಔಸ್ದಿ ಮೈಗ್ ಬಿದ್ರೆ ನಾನ್ ಜವಾಬ್ದಾರನಲ್ಲ.”

ಆದಿಲಕ್ಷ್ಮಮ್ಮ ಕಂಬ ಹಿಡಿದು ನಿಂತೇ ಇದ್ದಳು.

“ಸ್ಟಾರ್ಟ್ ಮಾಡ್ರೋ ಆ ಕಡೆಯಿಂದ. ಈಯಮ್ಮ ಇರೋ ತಾವ ಕೊನೇಗ್ ಒಡದ್ರಾಯ್ತು.”

ಪಂಪಿನವರಲ್ಲಿ ದೊಡ್ಡವನು ಪೈಪನ್ನು ಕೆಳಗಿಟ್ಟ. “ಆಗಲ್ಲ ಸಾರ್.”

“ಯಾಕ್ಲಾ?”

“ಕಲ್ ಮೇಲೆ ಬಟ್ಟೆ ಐತೆ. ನಮ್ಮೂರಾಗೂ ಇಂಗೇ. ಬಟ್ಟೆ ಇದ್ರೆ ಕೆರೆ ಮುಟ್ಟಂಗಿಲ್ಲ.”

“ಟವಲ್ ಕಣ್ಲಾ ಅದು! ಟವಲ್ಗೆ ಎದ್ರಿಕೊಳ್ತೀಯಾ?”

“ಟವಲ್ಗಲ್ಲ ಸಾರ್.” ಅವನು ಟೆಂಪೊದ ನೆರಳಿಗೆ ಹೋಗಿ ಕೂತ. ಇನ್ನೊಬ್ಬನೂ ಅವನ ಪಕ್ಕ ಹೋಗಿ ಕೂತ.

ಸೆಲ್ವಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಪಾವಂ! ಸಾರೇ ಒಡೀಲಿ ಬಿಡಿ. ಸಾರ್, ಪ್ಯಾಂಟ್ ಮಡಿಸ್ಕೊಳ್ಳಿ, ಜಿಗಣೆ ಐತೆ.”

ಮಂಜೇಶ್ ಫೋನು ತೆಗೆದ. ಸ್ವಲ್ಪ ಹೊತ್ತಿನಲ್ಲಿ ಮುನಿಸ್ವಾಮಪ್ಪ ಬೈಕಿನಲ್ಲಿ ಬಂದ. ಅವನ ಹಿಂದೆ ಊರಿನ ಜನವೂ ಬಂತು. ಅವನ ತಾಯಿ ವೆಂಕಟರತ್ನಮ್ಮ ಕೋಲೂರಿಕೊಂಡು ಬಂದು ಏರಿಯ ಹೊಂಗೆ ಮರದ ಬುಡದಲ್ಲಿ ಕೂತಳು. ಮನೆ ಬಿಟ್ಟು ಹೊರಗೆ ಬರುವುದನ್ನೇ ಬಿಟ್ಟಿದ್ದವಳು. ಯಾರು ಹೇಳಿ ಕಳಿಸಿದರೋ.

ಮುನಿಸ್ವಾಮಪ್ಪ ಮೊದಲು ಕಲ್ಲನ್ನು ನೋಡಿದ. ಆಮೇಲೆ ಅವಳನ್ನು.

“ಆದಿಲಕ್ಷ್ಮಿ, ಎದ್ ಬಾ. ನೆಗಡಿ ಆಗ್ತೈತೆ.”

“ಬತ್ತೀನಣ್ಣ.”

“ಬಾ ಮತ್ತೆ.”

“ಈ ಬಟ್ಟೆ ಲೆಕ್ಕಕ್ಕಿಲ್ಲ ಅಂತ ಒಂದ್ ಮಾತ್ ಯೋಳಿ. ಬತ್ತೀನಿ.”

ಮುನಿಸ್ವಾಮಪ್ಪ ಬಾಯಿ ತೆರೆದ. ಅಷ್ಟು ಸುಲಭದ ಮಾತು ಅದು ಎಂದು ಅವನಿಗೂ ಅನಿಸಿರಬೇಕು. ನೀನು ನೀರಗಂಟಿಯಲ್ಲ, ಹೆಂಗಸು, ಆ ಕಾಲ ಮುಗಿಯಿತು, ಅದು ಬರೀ ಟವೆಲು. ಇಷ್ಟರಲ್ಲಿ ಯಾವುದನ್ನು ಅಂದರೂ ಸಾಕಾಗಿತ್ತು. ಪಂಪಿನವರು ನೆರಳಿನಿಂದ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಅಂದರೆ ಅವರು ಏಳುತ್ತಾರೆ. ಅವಳು ಮೇಲೆ ಬರುತ್ತಾಳೆ. ಡ್ರಮ್ಮುಗಳು ಖಾಲಿಯಾಗುತ್ತವೆ.

ಅವನು ಅನ್ನಲಿಲ್ಲ.

ನೀರುಕೋಳಿಯೊಂದು ಎಲೆಗಳ ಮೇಲೆ ಕಾಲಿಡುತ್ತ ಆಚೆಯಿಂದ ಈಚೆಗೆ ನಡೆದು ಬಂತು. ತೆರೆದ ನೀರಿನ ಅಂಚಿಗೆ ಬಂದು ನಿಂತು, ಮುಂದೆ ನೆಲವಿಲ್ಲದ್ದನ್ನು ಕಂಡು ಹಿಂದೆ ತಿರುಗಿತು. ರೈಲಿನ ಶಬ್ದ ಬಂಗಾರಪೇಟೆಯ ಕಡೆಯಿಂದ ತೀರ ಸಣ್ಣಗೆ ಕೇಳಿ ನಿಂತಿತು. ಆದಿಲಕ್ಷ್ಮಮ್ಮನ ತುಟಿ ಬಿಳಿಚಿತ್ತು. ಎದೆಯ ಸುತ್ತ ಪಾಚಿ ಮೆಲ್ಲಗೆ ಕೂಡಿಕೊಳ್ಳುತ್ತಿತ್ತು. ಅವಳು ಕೈಯಿಂದ ಅದನ್ನು ಸರಿಸಲಿಲ್ಲ. ಮುನಿಸ್ವಾಮಪ್ಪನ ಮುಖವನ್ನು ನೋಡುತ್ತಿದ್ದಳು.

“ಯೋಳ್ರಿ ಮೆಂಬರ್ರೆ!” ಮಂಜೇಶ್ ಚಡಪಡಿಸಿದ. “ಒಂದ್ ಮಾತು ಅಷ್ಟೆ ಅಲ್ವಾ?”

“ಸುಮ್ಕಿರಪ್ಪ ನೀನು” ಅಂದ ಮುನಿಸ್ವಾಮಪ್ಪ.

ಮರದ ಬುಡದಿಂದ ವೆಂಕಟರತ್ನಮ್ಮ ಮಗನನ್ನು ಕರೆದಳು. “ಮುನಿಸ್ವಾಮಿ.”

“ಏನಮ್ಮ?”

“ನಿಮ್ಮಪ್ಪ ಇಲ್ಲೇ ನಿಂತಿದ್ದ. ಪಾಪಣ್ಣನ ಅಪ್ಪ ನೀರಾಗೇ ಉಳ್ಕೊಂಡ್ ದಿನ. ಬಟ್ಟೆ ಕಲ್ ಮೇಲೇ ಇತ್ತು. ಎಣ ಮೇಲಕ್ ಬರೋಗಂಟ ನಿಮ್ಮಪ್ಪ ನೀರ್ ಕುಡೀಲಿಲ್ಲ, ಕೂತ್ಕೊಳ್ಲಿಲ್ಲ.” ಉಸಿರು ಎಳೆದುಕೊಂಡಳು. “ನೀನ್ ಏನ್ ಅಂತೀಯೋ ಅನ್ನು. ನಾನ್ ಕೇಳುಸ್ಕೊಂಡ್ ಓಗಾಕ್ ಬಂದಿವ್ನಿ.”

ಏರಿಯ ಮೇಲೆ ಫೋನಿನಲ್ಲಿ ವೀಡಿಯೊ ಮಾಡುತ್ತಿದ್ದ ಹುಡುಗರೂ ಕೈ ಇಳಿಸಿದ್ದರು.

“ಲೆಕ್ಕಕ್ಕೈತೆ” ಅಂದ ಮುನಿಸ್ವಾಮಪ್ಪ.

“ಕೇಳುಸ್ಲಿಲ್ಲ” ಅಂದಳು ಆದಿಲಕ್ಷ್ಮಮ್ಮ.

“ಲೆಕ್ಕಕ್ಕೈತೆ ಕಣಮ್ಮ! ಬಟ್ಟೆ ಲೆಕ್ಕಕ್ಕೈತೆ! ಎದ್ ಬಾ ಇನ್ನ!”

ಮಂಜೇಶ್ ಕೈ ಮೇಲೆತ್ತಿದ. “ಒಳ್ಳೇ ಊರು ಸಿಕ್ತಪ್ಪ ನಂಗೆ. ಆರ್ಡರ್ ತಗೊಂಡೇ ಬತ್ತೀನಿ. ಆಗೇನ್ ಮಾಡ್ತೀರೋ ನೋಡ್ತೀನಿ.”

“ತಾಪ್ಪ” ಎಂದಳು ಆದಿಲಕ್ಷ್ಮಮ್ಮ ನೀರಿನಿಂದಲೇ. “ಆ ಹುಡುಗಿ ಭಾಗ ಭಾಗ ಮಾಡಿ ಅಂದ್ಳಲ್ಲ, ಅದ್ನೂ ಅದ್ರಾಗೆ ಬರಿಸ್ಕೊಂಡ್ ತಾ. ಆಗ ಕೂತು ಮಾತಾಡಾನ.”

ಡ್ರಮ್ಮುಗಳ ಮುಚ್ಚಳ ತೆರೆಯದೆಯೇ ಟೆಂಪೊ ತಿರುಗಿತು. ಪಂಪಿನವನು ಹತ್ತುವ ಮೊದಲು ಕಲ್ಲಿನ ಕಡೆಗೊಮ್ಮೆ ನೋಡಿ, ಯಾರಿಗೂ ಕಾಣದ ಹಾಗೆ ಹಣೆ ಮುಟ್ಟಿಕೊಂಡ.

ಆದಿಲಕ್ಷ್ಮಮ್ಮ ಕಲ್ಲುಗಳನ್ನು ಹಿಡಿಹಿಡಿದು ಮೇಲೆ ಬಂದಳು. ಕೈ ಕೊಡಲು ಬಂದ ಸೆಲ್ವಿಯನ್ನು ಬೇಡ ಅಂದಳು. ಅಡ್ಡಕಲ್ಲಿನ ಮೇಲಿನ ಕಲ್ಲು ತೆಗೆದು ನೀರಿಗೆ ಹಾಕದೆ ಪಕ್ಕದಲ್ಲಿಟ್ಟಳು. ಟವೆಲನ್ನು ಬಿಡಿಸಿ ತಲೆಗೆ ಸುತ್ತಿದಳು. ದಿನವೂ ಸುತ್ತಿಕೊಳ್ಳುವ ಹಾಗಲ್ಲ. ಪಾಪಣ್ಣ ಸುತ್ತುತ್ತಿದ್ದ ಹಾಗೆ, ಎಡಗಡೆ ತುದಿ ಬಿಟ್ಟು. ಏರಿಯ ಮೇಲಿನ ಗಂಡಸರಲ್ಲಿ ಕೆಲವರು ಬೇರೆ ಕಡೆ ನೋಡಿದರು.

ಮುನಿಸ್ವಾಮಪ್ಪ ಬೈಕಿನ ಕಡೆ ಹೊರಟಿದ್ದ.

“ಮೆಂಬರಣ್ಣ.”

ನಿಂತ.

“ನೀರಗಂಟಿ ಬಟ್ಟೆ ತೆಗೆದ್ಮೇಲೆ ಏನು?”

ಅವನಿಗೆ ಅರ್ಥವಾಗಲಿಲ್ಲ. ಅಥವಾ ಆಯಿತು, ಆಗದವನ ಹಾಗೆ ನಿಂತ. ಉತ್ತರ ಮರದ ಬುಡದಿಂದ ಬಂತು.

“ಕೆರೆ ಕೆಳ್ಗೆ ಜಮೀನಿರೋ ಮನೆಗೊಬ್ರು ಇಳೀಬೇಕು” ಅಂದಳು ವೆಂಕಟರತ್ನಮ್ಮ. “ಅವ್ನು ತೋರ್ಸಿದ್ ಕಡೆ ಹೂಳು ತೆಗೀಬೇಕು. ಇಲ್ಲಾಂದ್ರೆ ಆ ವರ್ಸ ಆ ಮನೇಗ್ ನೀರಿಲ್ಲ.”

“ಅದೆಲ್ಲ ಆ ಕಾಲ್ದ್ದಮ್ಮ.”

“ಬಟ್ಟೇನೂ ಆ ಕಾಲ್ದ್ದೇ” ಎಂದಳು ಆದಿಲಕ್ಷ್ಮಮ್ಮ. “ಈಗ್ ತಾನೆ ಲೆಕ್ಕಕ್ಕೈತೆ ಅಂದ್ರಲ್ಲ. ಇಡೀ ಊರು ಕೇಳುಸ್ಕೊಂಡೈತೆ. ಅರ್ಧ ಲೆಕ್ಕ ಇಟ್ಕೊಂಡು ಅರ್ಧ ಬಿಡಾಕಾಗ್ತದಾ?”

“ಹೂಳಲ್ವಲ್ಲ ಇದು.”

“ಹೂಳಿಗಿಂತ ಕೆಟ್ದು. ಆ ಹಗ್ಗ ಎಳ್ಯಾಕೆ ನಾವ್ ಎಂಗಸ್ರು ಸಾಲ್ದು.”

ಜನರ ಗುಂಪಿನಲ್ಲಿ ಗುಸುಗುಸು ಎದ್ದಿತು. ಒಬ್ಬ ತನಗೆ ಅಂಗಡಿ ತೆಗೆಯಬೇಕೆಂದು ಹಿಂದೆ ಸರಿದ. ಇನ್ನೊಬ್ಬ ತನ್ನ ಜಮೀನು ಕೆರೆಯ ಕೆಳಗಲ್ಲ, ಪಕ್ಕ ಎಂದ. ಅಷ್ಟರಲ್ಲಿ ಹಿಪ್ಪುನೇರಳೆ ಬೆಳೆಯುವ ಶಶಿರೇಖ, ಮೆಂಬರಿಗೆ ದೂರದ ನೆಂಟಸ್ತಿಕೆಯವಳು, ಚಪ್ಪಲಿ ಬಿಟ್ಟು ಏರಿ ಇಳಿದಳು. “ನಮ್ಮನೇದು ನಾನು” ಅಂದಳು, ಅಷ್ಟೆ. ಅವಳ ಹಿಂದೆ ಇನ್ನೊಬ್ಬರು. ಎಲ್ಲರೂ ಅಲ್ಲ. ಅರ್ಧದಷ್ಟು ಮನೆಗಳೂ ಅಲ್ಲ. ಆದಿಲಕ್ಷ್ಮಮ್ಮ ಬಂದವರನ್ನು ನೋಡಿದಳು, ಬಾರದವರನ್ನೂ ನೋಡಿದಳು.

“ನನ್ ಮಗ ಬಂಗಾರಪೇಟೆಗ್ ಓಗವ್ನೆ” ಅಂದ ಮುನಿಸ್ವಾಮಪ್ಪ. “ಸಂಜೆ ಕಳುಸ್ತೀನಿ.”

“ನೀವ್ ಇದ್ದೀರಲ್ಲ.”

“ನಾನಾ?”

“ಅಣ್ಣೋ, ಪಂಚೆ ಮೇಲಕ್ ಕಟ್ಕೊಳ್ಳಿ” ಎಂದಳು ಸೆಲ್ವಿ, ಹಗ್ಗದ ಸುರುಳಿ ಬಿಚ್ಚುತ್ತ. “ನಮ್ಮಪ್ಪ ಭೂಮಿ ಒಳ್ಗಡೆ ಇಳ್ದವ್ನೆ ಈ ಹಗ್ಗ ನಂಬ್ಕೊಂಡು. ನೀವ್ ಸೊಂಟದ ತನಕ ಇಳ್ಯಾಕ್ ಎದ್ರುಕೊಂತೀರಾ?”

ಯಾರೋ ನಕ್ಕರು. ಈ ಸಲ ನಗು ಆದಿಲಕ್ಷ್ಮಮ್ಮನ ಕಡೆ ತಿರುಗಿರಲಿಲ್ಲ. ಮುನಿಸ್ವಾಮಪ್ಪ ತಾಯಿಯ ಕಡೆ ನೋಡಿದ. ವೆಂಕಟರತ್ನಮ್ಮ ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೆರೆಯನ್ನು ನೋಡುತ್ತಿದ್ದಳು, ಮಗನನ್ನಲ್ಲ. ಅವನು ಗಡಿಯಾರ ಬಿಚ್ಚಿದ. ಫೋನು ತೆಗೆದ. ಎರಡನ್ನೂ ತಾಯಿಯ ಪಕ್ಕದಲ್ಲಿ ಇಟ್ಟು, ಪಂಚೆ ಎತ್ತಿ ಕಟ್ಟಿದ.

ದಡದ ಹತ್ತಿರ ಗಿಡ ತೆಳುವಾಗಿತ್ತು, ನೀರು ಮೊಣಕಾಲಿನಷ್ಟು. ಅವನು ಅಲ್ಲಿಗೆ ಹೆಜ್ಜೆ ಹಾಕಿದ.

“ಅಲ್ಲಲ್ಲ” ಎಂದಳು ಆದಿಲಕ್ಷ್ಮಮ್ಮ.

ಅವನು ತಿರುಗಿ ನೋಡಿದ. ಅವಳು ಕೈ ಎತ್ತಿ ಕೆರೆಯ ನಡುವೆ ತೋರಿಸಿದಳು, ಎಲ್ಲಿ ಹಸಿರು ತೀರ ದಟ್ಟವಾಗಿ ನೆಲದ ಹಾಗೆ ಕಾಣುತ್ತಿತ್ತೋ ಅಲ್ಲಿಗೆ.